ಓಕ್ ಮರಗಳ ಚರಿತ್ರಕಾರ ಆಂದ್ರೆ ಮಿಶೋ

ನಮ್ಮ ಸೀಮೆಯಲ್ಲಿ ಓಕ್ ಮರವಿಲ್ಲ. ಹಿಮಾಲಯದ ಇಳಿಜಾರುಗಳಲ್ಲಿ ಬಾಂಜ್ ಮೊದಲಾದ ಹೆಸರುಗಳಿಂದ ಆ ಕುಲದ ಮರಗಳು ದಟ್ಟವಾಗಿ ಬೆಳೆದಿದ್ದರೂ ದಖ್ಖನ್ನಿನ ಪ್ರಸ್ಥಭೂಮಿಯಲ್ಲಾಗಲಿ ಸಹ್ಯಾದ್ರಿಯಲ್ಲಾಗಲಿ ಅವು ತಾವಾಗಿ ಬೆಳೆಯುವುದಿಲ್ಲ. ಆದರೂ ಓಕ್ ನಮ್ಮ ಮನೆಗಳೊಳಗೆ ಬಂದು ಬಹಳ ಕಾಲವಾಯಿತು. ಬಾಣಂತಿಯ ಮನೆಯಲ್ಲಿ ಸಾಣೆಯ ಮೇಲೆ ತೇಯ್ದು ಕೂಸಿಗೆ ನೆಕ್ಕಿಸುವ ಬಾಳಗುಟಿಯ ಸಾಮಾನುಗಳಲ್ಲಿ ಮಾಚಿಕಾಯಿ ಒಂದು. ಕಾಷ್ಠೌಷಧಿಯ ಅಂಗಡಿಯಲ್ಲಿ ಮರಾಠಿ ಮಾತಾಡುವವರು ಅದನ್ನೇ ಮಾಯಫಳವೆಂದು ಕೇಳಿ ಒಯ್ಯುತ್ತಾರೆ. ಎರಡು ಭಾಷೆಗಳೂ ಅದನ್ನು ಕಾಯಿಯೆಂದೋ ಫಲವೆಂದೋ ಕರೆದರೂ ಅದು ಎರಡೂ ಅಲ್ಲ. ಪಶ್ಚಿಮ ಏಷ್ಯಾದ ಒಂದು ಜಾತಿಯ ಓಕ್ ಮರದ ಎಳೆಯ ಟೊಂಗೆಯಲ್ಲಿ ಕೀಟವೊಂದು ಮೊಟ್ಟೆಯಿಟ್ಟಾಗ ಆ ಮೊಟ್ಟೆಯ ಸುತ್ತ ಮರ ಬೆಳೆಸಿಕೊಳ್ಳುವ ಗಂಟು ಅದು. ಔಷಧದ ಸೀಸೆಗೆ ಹಾಕುತ್ತಿದ್ದ ಹಗುರವಾದ ಬಿರಡೆಯೂ ಮತ್ತೊಂದು ಜಾತಿಯ ಓಕ್ ಮರದ ತೊಗಟೆಯೇ. ಹೀಗೆ ಮರವನ್ನು ಕಾಣದೆಯೇ ನಾವು ಅದರ ಗಂಟನ್ನೂ ತೊಗಟೆಯನ್ನೂ ಬಳಸಿದ್ದೇವೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಲು ಕುಳಿತ ನಮ್ಮ ವಿದ್ಯಾರ್ಥಿಗಳು ಓಕ್ ಎಂಬ ಪದ ಬಂದೊಡನೆ ಅದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು ಮುಂದೆ ಸಾಗುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಓಕ್ ಎಂಬುದು ಒಂದು ಮರದ ಹೆಸರಲ್ಲ, ನಾನೂರಕ್ಕೂ ಹೆಚ್ಚು ಪ್ರಭೇದಗಳಿರುವ ಒಂದು ಕುಲದ ಹೆಸರು. ಆ ಕುಲದ ಮರಗಳನ್ನು ಒಂದರಿಂದೊಂದು ಬೇರ್ಪಡಿಸಿ ಗುರುತಿಸುವುದು ಸಸ್ಯಶಾಸ್ತ್ರಜ್ಞರಿಗೆ ಇಂದಿಗೂ ಸುಲಭದ ಕೆಲಸವಲ್ಲ. ಅಮೆರಿಕದ ಓಕ್‌ಗಳ ವಿಷಯದಲ್ಲಿ ಆ ಕೆಲಸವನ್ನು ಮೊದಲ ಬಾರಿಗೆ ಒಂದು ಕ್ರಮದಿಂದ ಮಾಡಿ ತೋರಿಸಿದವನು ಆಂದ್ರೆ ಮಿಶೋ ಎಂಬ ಫ್ರೆಂಚ್ ರೈತನ ಮಗ. ಭಾಷೆಯನ್ನು ಓದುವವರಿಗೂ ಆತನ ಬಾಳಿನಲ್ಲಿ ಗಮನಿಸತಕ್ಕ ಅಂಶಗಳಿವೆಯೆಂದು ತೋರಿ ಈ ಬರಹವನ್ನು ಬರೆಯುತ್ತಿದ್ದೇನೆ.

ಮಿಶೋ ಹುಟ್ಟಿದ್ದು 1746ರ ಮಾರ್ಚ್ 8ರಂದು, ಪ್ಯಾರಿಸ್ಸಿಗೆ ಸಮೀಪದ ವರ್ಸಾಯ್ ಅರಮನೆಗೆ ಸೇರಿದ ಸಟೋರಿ ಎಂಬಲ್ಲಿ. ತಂದೆ ಅಲ್ಲಿ ಅರಸನ ಹೊಲಗಳನ್ನು ನೋಡಿಕೊಳ್ಳುತ್ತಿದ್ದ. ಹುಡುಗ ಕೆಲವು ವರ್ಷ ಲ್ಯಾಟಿನ್, ಗ್ರೀಕ್ ಕಲಿತು ಬಳಿಕ ಹೊಲದ ಕೆಲಸಕ್ಕೆ ಬಂದ. ಒಕ್ಕಲುತನವೇ ಆತನ ಬಾಳಾಗಬೇಕಿತ್ತು. 1769ರಲ್ಲಿ ಸಿಸಿಲ್ ಕ್ಲೇ ಎಂಬ ರೈತ ಮನೆತನದ ಕನ್ಯೆಯೊಡನೆ ಮದುವೆಯಾಯಿತು. ಮರುವರ್ಷ ಫ್ರಾಂಸ್ವಾ ಆಂದ್ರೆ ಎಂಬ ಮಗ ಹುಟ್ಟಿದ. ಹೆರಿಗೆಯಾದ ಸ್ವಲ್ಪ ಕಾಲದಲ್ಲೇ ತಾಯಿ ತೀರಿಕೊಂಡಳು. ಮಿಶೋನಿಗೆ ಆಗ ಇಪ್ಪತ್ತನಾಲ್ಕು ವರ್ಷ. ದುಃಖದಲ್ಲಿ ಮುಳುಗಿದ್ದ ಆತನನ್ನು ಅರಸನ ವೈದ್ಯನೂ ಸಸ್ಯಪ್ರಿಯನೂ ಆಗಿದ್ದ ಲೆ ಮೊನಿಯೆ ಎಂಬಾತ ಸಸ್ಯಗಳ ಅಧ್ಯಯನದ ಕಡೆಗೆ ತಿರುಗಿಸಿದ. ಬರ್ನಾರ್ ದ ಜುಸ್ಸಿಯೂನಂತಹ ಹಿರಿಯ ವಿದ್ವಾಂಸನ ಬಳಿ ಪಾಠವಾಯಿತು. ಮುಂದೆ ಲಾಮಾರ್ಕ್ ಮೊದಲಾದವರೊಡನೆ ಫ್ರಾನ್ಸಿನ ಓವೆರ್ನ್ಯ ಬೆಟ್ಟಗಳಲ್ಲಿ, ಪಿರೆನೀಸ್ ಪರ್ವತಗಳಲ್ಲಿ ಅಲೆದಾಟವಾಯಿತು. ಮರುಮದುವೆಯ ಮಾತು ಆತನ ಚರಿತ್ರೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಹೊಲದಲ್ಲಿ ಬಿತ್ತಿ ಮೊಳಕೆಗಾಗಿ ಕಾಯುವ ಅಭ್ಯಾಸ ಮಾತ್ರ ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಗ್ರಂಥಾಲಯದಲ್ಲಿ ಬೆಳೆದ ವಿದ್ವಾಂಸರಿಗೂ ಆತನಿಗೂ ಇದ್ದ ವ್ಯತ್ಯಾಸ ಇದೇ ಎಂದು ನನ್ನ ಎಣಿಕೆ.

1782ರಲ್ಲಿ ಫ್ರೆಂಚ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬನ ಜೊತೆಯಲ್ಲಿ ಆತ ಪರ್ಷಿಯಾದ ಕಡೆಗೆ ಹೊರಟ. ಅಲೆಪ್ಪೊ, ಬಾಗ್ದಾದು, ಬಸ್ರಾಗಳನ್ನು ಹಾಯ್ದು ಇಸ್ಫಹಾನ್, ಕ್ಯಾಸ್ಪಿಯನ್ ಸಮುದ್ರದ ತೀರದವರೆಗೆ ಹೋದ. ದಾರಿಯಲ್ಲಿ ದರೋಡೆಕೋರರು ಪುಸ್ತಕಗಳನ್ನುಳಿದು ಎಲ್ಲವನ್ನೂ ದೋಚಿದರು. ಆಗ ಕೈಹಿಡಿದವನು ಬಸ್ರಾದಲ್ಲಿದ್ದ ಇಂಗ್ಲಿಷರ ಪ್ರತಿನಿಧಿ. ಎರಡು ದೇಶಗಳಿಗೂ ಯುದ್ಧ ನಡೆದಿದ್ದ ಕಾಲವದು ಎಂಬುದನ್ನು ನೆನೆಯಬೇಕು. ಮಾಚಿಕಾಯಿಯ ಓಕ್ ಬೆಳೆಯುವ ನಾಡುಗಳು ಇವೇ.

ಈ ಪ್ರಯಾಣದಿಂದ ಆತ ತಂದದ್ದು ಗಿಡಬೀಜಗಳನ್ನು ಮಾತ್ರವಲ್ಲ. ಬಾಗ್ದಾದಿನ ಸಮೀಪದಲ್ಲಿ ದೊರೆತ ಒಂದು ಕರಿಯ ಕಲ್ಲನ್ನೂ ಹೊತ್ತು ತಂದ. ಅದರ ಮೈತುಂಬ ಬೆಣೆಯಾಕಾರದ ಅಕ್ಷರಗಳು. ಅದನ್ನು ಓದಬಲ್ಲವರು ಆಗ ಯುರೋಪಿನಲ್ಲಿ ಒಬ್ಬರೂ ಇರಲಿಲ್ಲ. ಬಹುಕಾಲದ ಮೇಲೆ ಲಿಪಿಯ ಗುಟ್ಟು ತಿಳಿದಾಗ ಅದು ಕ್ರಿ.ಪೂ. 1100ರ ಸುಮಾರಿನ ಬ್ಯಾಬಿಲೋನಿನ ಗಡಿಕಲ್ಲೆಂದು ಗೊತ್ತಾಯಿತು. ತಂದೆಯೊಬ್ಬ ಮದುವೆಯಾಗುವ ಮಗಳಿಗೆ ಭೂಮಿ ಕೊಟ್ಟದ್ದನ್ನು ಬರೆಸಿ, ಆ ಗಡಿಯನ್ನು ಕೆಡಿಸಿದವರಿಗೆ ದೇವತೆಗಳ ಶಾಪವನ್ನು ಕೆತ್ತಿಸಿದ್ದಾನೆ. ತಲೆಯ ಮೇಲೆ ದೇವತೆಗಳ ಚಿಹ್ನೆಗಳಿವೆ. ನಮ್ಮ ದಾನಶಾಸನಗಳ ತಲೆಯಲ್ಲಿರುವ ಸೂರ್ಯಚಂದ್ರರನ್ನೂ ಕೊನೆಯಲ್ಲಿ ಬರುವ ಶಾಪಾಶಯವನ್ನೂ ಮಹಾರಾಷ್ಟ್ರದ ಗದ್ಧೇಗಾಳ ಕಲ್ಲುಗಳನ್ನೂ ಬಲ್ಲವರಿಗೆ ಈ ಕಲ್ಲು ಅಪರಿಚಿತವೆನಿಸದು. ಅದು ಇಂದಿಗೂ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಸಂಗ್ರಹದಲ್ಲಿ ಮಿಶೋನ ಹೆಸರಿನಲ್ಲೇ ಇದೆ. ಸಸ್ಯಗಳನ್ನು ಅರಸಿ ಹೋದವನ ಹೆಸರು ಶಾಸನದ ಅಭ್ಯಾಸಿಗಳಿಗೆ ಪರಿಚಿತವಾದದ್ದು ಹೀಗೆ.

ಪರ್ಷಿಯಾದಿಂದ ಮರಳಿದ ವರ್ಷವೇ, ಅಂದರೆ 1785ರಲ್ಲಿ, ಹದಿನಾರನೆಯ ಲೂಯಿ ಅರಸ ಆತನನ್ನು ರಾಜಸಸ್ಯಜ್ಞನನ್ನಾಗಿ ನೇಮಿಸಿ ಅಮೆರಿಕಕ್ಕೆ ಕಳಿಸಿದ. ಕಾರಣ ಸ್ಪಷ್ಟವಾಗಿತ್ತು. ಯುದ್ಧನೌಕೆಗಳಿಗಾಗಿ ಕಡಿದು ಕಡಿದು ಫ್ರಾನ್ಸಿನ ಕಾಡುಗಳು ಬರಿದಾಗಿದ್ದವು. ಹಡಗು ಕಟ್ಟಲು ಬರುವ, ಫ್ರಾನ್ಸಿನ ಹವೆಗೆ ಒಗ್ಗುವ ಮರಗಳನ್ನು ಹೊಸ ಖಂಡದಲ್ಲಿ ಹುಡುಕಿ ಬೀಜ, ಸಸಿಗಳನ್ನು ಕಳಿಸಬೇಕು. ಹಡಗಿನ ಮರವೆಂದರೆ ಮುಖ್ಯವಾಗಿ ಓಕ್. ಆ ವರ್ಷದ ನವೆಂಬರಿನಲ್ಲಿ ಮಿಶೋ ಹದಿನೈದು ವರ್ಷದ ಮಗನೊಡನೆ ನ್ಯೂಯಾರ್ಕಿನಲ್ಲಿ ಇಳಿದ. ಜೊತೆಗೆ ಸೋನಿಯೆ ಎಂಬ ತೋಟಗಾರನಿದ್ದ. ನದಿಯಾಚೆ ನ್ಯೂಜೆರ್ಸಿಯಲ್ಲಿ ಒಂದು ತೋಟ ಮಾಡಿ ಅದನ್ನು ತೋಟಗಾರನಿಗೊಪ್ಪಿಸಿ, 1786ರಲ್ಲಿ ತಾನು ದಕ್ಷಿಣಕ್ಕೆ, ಕೆರೊಲೈನಾದ ಚಾರ್ಲ್ಸ್‌ಟನ್ ಬಂದರಿಗೆ ಹೋಗಿ 111 ಎಕರೆ ಭೂಮಿ ಕೊಂಡು ಎರಡನೆಯ ತೋಟ ಹಾಕಿದ. ಅಮೆರಿಕದ ಮರಗಳು ಅಲ್ಲಿ ಮೊಳೆತು ಫ್ರಾನ್ಸಿಗೆ ಹೋದವು. ಏಷ್ಯಾದ ಕೆಮೀಲಿಯ ಮೊದಲಾದ ಹೂಗಿಡಗಳು ಅದೇ ತೋಟದಿಂದ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹಬ್ಬಿದವೆಂದು ಪ್ರತೀತಿ. ಈ ತೋಟದ ದುಡಿಮೆಗೆ ಆ ಸೀಮೆಯ ಜಮೀನುದಾರರಂತೆ ಮಿಶೋ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದ. ಬೆಟ್ಟಗಳಲ್ಲಿ ಆತನಿಗೆ ದಾರಿ ತೋರಿಸಿದವರು ಚೆರೋಕಿ ಜನಾಂಗದವರು. ಓಕ್‌ಗಳಿಗೆ ಹೆಸರಿಟ್ಟವನ ಹೆಸರು ಉಳಿಯಿತು. ಸಸಿಗೆ ನೀರೆರೆದವರ, ಕಾಡಿನ ಹಾದಿ ಬಲ್ಲವರ ಹೆಸರುಗಳು ಉಳಿದಿಲ್ಲ. ಸಸ್ಯಶಾಸ್ತ್ರದ ಚರಿತ್ರೆಗಳು ಇದನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಇನ್ನು ಓಕ್‌ಗಳ ಸಮಸ್ಯೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಯುರೋಪಿನ ವಿದ್ವಾಂಸರು ಅಮೆರಿಕದ ಓಕ್‌ಗಳನ್ನು ಬಲ್ಲದ್ದು ಬಹುಮಟ್ಟಿಗೆ ಒಣಗಿಸಿ ಕಳಿಸಿದ ರೆಂಬೆಗಳಿಂದ. ಕಾಗದದ ಮೇಲೆ ಒತ್ತಿದ ನಾಲ್ಕಾರು ಎಲೆಗಳು, ಅದೃಷ್ಟವಿದ್ದರೆ ಒಂದು ಕಾಯಿ. ಎಲೆಯ ಅಂಚು ಬೇರೆಯಾಗಿ ಕಂಡರೆ ಬೇರೆ ಹೆಸರು. ಎರಡು ಎಲೆಗಳು ಹೋಲಿದರೆ ಒಂದೇ ಹೆಸರು. ಮಿಶೋ ಕಾಡಿನಲ್ಲಿ ನಡೆದಾಡತೊಡಗಿದಾಗ ಈ ಲೆಕ್ಕವೆಲ್ಲ ಕಲಸಿಹೋಯಿತು. ಒಂದೇ ಮರದ ಕೆಳಗಿನ ಟೊಂಗೆಯ ಎಲೆಗೂ ತುದಿಯ ಎಲೆಗೂ ಹೋಲಿಕೆಯಿಲ್ಲ. ಎಳೆಯ ಗಿಡದ ಎಲೆ ಒಂದು ಬಗೆ, ಅದೇ ಬೆಳೆದು ಕಾಯಿ ಬಿಟ್ಟ ಮೇಲೆ ಇನ್ನೊಂದು ಬಗೆ. ಕಡಿದ ಬುಡದಿಂದ ಚಿಗುರಿದ ಕೊಂಬೆಯ ಎಲೆ ಮತ್ತೂ ಬೇರೆ. ತೇವದ ನೆಲದಲ್ಲಿ ಬೆಳೆಯುವ, ಈಗ ನೀರೋಕ್ ಎಂಬರ್ಥದ ಹೆಸರಿನ ಮರವಂತೂ ಎಳವೆಯಲ್ಲಿ ಹುಲ್ಲಿನಂತೆ ಸಪೂರವಾದ ಎಲೆಯಿಂದ ಹಿಡಿದು ಆಳವಾಗಿ ಸೀಳಿದ ಎಲೆಯವರೆಗೆ ಎಲ್ಲ ರೂಪಗಳನ್ನೂ ತೋರಿಸಿ, ದೊಡ್ಡದಾದ ಮೇಲೆ ಸೌಟಿನಂತೆ ತುದಿ ಅಗಲವಾದ ಎಲೆಯಲ್ಲಿ ನಿಲ್ಲುತ್ತದೆ. ಹಿಪ್ಪುನೇರಳೆಯ ಒಂದೇ ಗಿಡದಲ್ಲಿ ಸೀಳಿದ ಎಲೆ, ಸೀಳದ ಎಲೆ ಎರಡನ್ನೂ ಕಂಡವರು ಇದನ್ನು ಊಹಿಸಿಕೊಳ್ಳಬಹುದು.

ಎಲೆ ಮೋಸಮಾಡುವುದಕ್ಕೆ ನಮ್ಮ ಪೇಟೆಯ ದಸರೆಯೂ ಸಾಕ್ಷಿ. ಕನ್ನಡ ಮನೆಗಳಲ್ಲಿ ಬನ್ನಿಯೇ ಬಂಗಾರ; ಮರಾಠಿ ಮನೆಗಳಲ್ಲಿ ಆಪಟಾ. ಆಪಟಾದ ಹೆಸರಿನಲ್ಲಿ ಕಾಂಚನ ಮರದ ಎಲೆಗಳನ್ನು ಕಡಿದು ತಂದು ಮಾರುವುದು ಪ್ರತಿವರ್ಷವೂ ನಡೆಯುತ್ತದೆ, ಏಕೆಂದರೆ ಎರಡೂ ನಡುವೆ ಸೀಳಿದ ಜೋಡಿ ಎಲೆಗಳೇ. ಎರಡೂ ಮರಗಳನ್ನು ಅವು ನಿಂತಲ್ಲಿಯೇ ಹೂಬಿಟ್ಟಾಗ ನೋಡಿದವರು ಮೋಸಹೋಗುವುದಿಲ್ಲ. ಕಾಂಚನದ್ದು ದೊಡ್ಡ ಬಣ್ಣದ ಹೂವು, ಆಪಟಾದ್ದು ಸಣ್ಣ ಮಾಸಲು ಬಿಳಿಯ ಹೂವು.

ಮಿಶೋ ಕಂಡುಕೊಂಡ ಉಪಾಯ ರೈತನ ಉಪಾಯ. ಸಂಶಯವಿರುವ ಪ್ರತಿಯೊಂದು ಓಕ್ ಮರದ ಕಾಯಿಗಳನ್ನು ತಾನೇ ಆರಿಸಿ ತಂದು ಚಾರ್ಲ್ಸ್‌ಟನ್ನಿನ ತೋಟದಲ್ಲಿ ಬಿತ್ತಿದ. ತಾಯಿಮರ ಯಾವುದೆಂಬುದು ಗೊತ್ತು; ಮೊಳಕೆಯಿಂದ ವರ್ಷವರ್ಷವೂ ಎಲೆ ಹೇಗೆ ಬದಲಾಗುತ್ತದೆಂಬುದನ್ನು ನೋಡುತ್ತ ಹೋದ. ಒಂದೇ ತಾಯಿಯ ಮಕ್ಕಳಲ್ಲಿ ಎಷ್ಟು ಬಗೆಯ ಎಲೆಗಳು ಬರಬಹುದೆಂದು ಹೀಗೆ ತಿಳಿಯಿತು. ಬೇರೆ ಬೇರೆಯೆಂದು ಕಂಡ ಹಲವು ರೂಪಗಳು ಒಂದೇ ಮರದ ಬಾಲ್ಯವೂ ಯೌವನವೂ ಆಗಿದ್ದವು.

ಎಲೆಯಲ್ಲಿ ನಂಬತಕ್ಕ ಗುರುತು ಏನೂ ಇಲ್ಲವೆಂದಲ್ಲ. ಬೆಳೆದ ಮರದ ಎಲೆಯ ತುದಿಯನ್ನೂ ಅದರ ಹಾಲೆಗಳ ತುದಿಯನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಬಿಳಿ ಓಕ್‌ನಲ್ಲಿ ಹಾಲೆಗಳ ತುದಿ ದುಂಡಗೆ, ನುಣ್ಣಗೆ. ಕೆಂಪು ಓಕ್‌ನಲ್ಲಿ ಪ್ರತಿ ಹಾಲೆಯ ತುದಿಯಲ್ಲೂ ಕೂದಲಿನಂತಹ ಬಿರುಸಾದ ಎಳೆಯೊಂದು ಹೊರಚಾಚಿರುತ್ತದೆ. ಹಾಲೆಗಳೇ ಇಲ್ಲದ, ಭರ್ಚಿಯಂತೆ ಸಪೂರವಾದ ಎಲೆಯ ಓಕ್‌ನಲ್ಲಿ ಕೂಡ ಎಲೆಯ ತುದಿಗೆ ಆ ಒಂದು ಎಳೆ ಇದ್ದರೆ ಅದು ಕೆಂಪು ಓಕ್‌ನ ಬಳಗವೇ. ಇದಕ್ಕಿಂತ ಗಟ್ಟಿಯಾದ ಇನ್ನೊಂದು ಗುರುತನ್ನು ಮಿಶೋ ಕಾಯಿಯಲ್ಲಿ ಕಂಡ. ಬಿಳಿ ಓಕ್‌ನ ಕಾಯಿ ಹೂಬಿಟ್ಟ ವರ್ಷದಲ್ಲೇ ಬಲಿತು ಉದುರುತ್ತದೆ, ಬಿದ್ದೊಡನೆ ಬೇರು ಬಿಡುತ್ತದೆ. ಕೆಂಪು ಓಕ್‌ನದು ಬಲಿಯಲು ಎರಡು ವರ್ಷ ಬೇಕು; ಆದ್ದರಿಂದ ಅದೇ ಕೊಂಬೆಯಲ್ಲಿ ಈ ವರ್ಷದ ಗುಂಡುಸೂಜಿಯ ತಲೆಯಂತಹ ಹೀಚೂ ಹೋದ ವರ್ಷದ ದಪ್ಪ ಕಾಯಿಯೂ ಒಟ್ಟಿಗೆ ಕಾಣುತ್ತವೆ. ಎಲೆಯ ತುದಿಯ ಎಳೆಯೂ ಕಾಯಿಯ ಎರಡು ವರ್ಷವೂ ಬಹುತೇಕ ಜೊತೆಜೊತೆಯಾಗಿಯೇ ಇರುತ್ತವೆಂಬುದನ್ನು ಹಿಡಿದು ಆತ ಓಕ್‌ಗಳನ್ನು ಎರಡು ಪಂಗಡ ಮಾಡಿದ. ಅಮೆರಿಕದ ಓಕ್‌ಗಳನ್ನು ಕಲಿಯುವವರಿಗೆ ಬಿಳಿ ಓಕ್, ಕೆಂಪು ಓಕ್ ಎಂಬ ಎರಡು ಬಳಗಗಳು ಇಂದಿಗೂ ಮೊದಲ ಪಾಠ. ಪೀಪಾಯಿ ಮಾಡುವ ಬಡಗಿಗಳಿಗೆ ಈ ಭೇದ ಬೇರೊಂದು ದಾರಿಯಿಂದ ಗೊತ್ತಿತ್ತು: ಬಿಳಿ ಓಕ್‌ನ ಪೀಪಾಯಿ ಸೋರುವುದಿಲ್ಲ, ಕೆಂಪು ಓಕ್‌ನದು ಸೋರುತ್ತದೆ. ಮರದೊಳಗಿನ ಸಣ್ಣ ನಾಳಗಳು ಒಂದರಲ್ಲಿ ಮುಚ್ಚಿಕೊಂಡಿರುತ್ತವೆ, ಇನ್ನೊಂದರಲ್ಲಿ ತೆರೆದಿರುತ್ತವೆ.

ತೊಗಟೆಯದೂ ಒಂದು ಭಾಷೆ. ಬಿಳಿ ಓಕ್‌ನ ತೊಗಟೆ ಬೂದಿಬಣ್ಣದ್ದು, ಹೆಕ್ಕಳಿಕೆಯಾಗಿ ಏಳುತ್ತದೆ. ಕೆಂಪು ಓಕ್‌ನ ಬೊಡ್ಡೆಯ ಮೇಲೆ ನುಣುಪಾದ ಪಟ್ಟೆಗಳು ಉದ್ದಕ್ಕೂ ಇಳಿದಿರುತ್ತವೆ. ಕರಿ ಓಕ್‌ನ ಹೊರತೊಗಟೆ ಕಪ್ಪು. ಚಾಕುವಿನಿಂದ ಕೆರೆದರೆ ಒಳಗೆ ಕಿತ್ತಳೆ ಬೆರೆತ ಹಳದಿ. ಆ ಒಳತೊಗಟೆಯಿಂದ ಬಟ್ಟೆಗೆ ಹಾಕುವ ಹಳದಿ ಬಣ್ಣ ತೆಗೆಯುತ್ತಿದ್ದರು, ಅದು ಹಡಗು ಹಡಗಾಗಿ ಯುರೋಪಿಗೆ ಹೋಗುತ್ತಿತ್ತು. ಬಣ್ಣಗಾರನೆಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಮಿಶೋ ಅದಕ್ಕೆ ಬಳಸಿದ. ಆದರೆ ತೊಗಟೆಯೂ ವಯಸ್ಸಿಗೆ ತಕ್ಕಂತೆ ಬದಲಾಗುವುದೇ. ಎಳೆಯ ಬೊಡ್ಡೆಗಳೆಲ್ಲ ನುಣ್ಣಗೆ ಒಂದೇ ತರಹ ಇರುತ್ತವೆ. ಆದ್ದರಿಂದ ಮರ ನಿಂತ ನೆಲವನ್ನೂ ನೋಡಬೇಕು. ಸಮುದ್ರದ ಉಪ್ಪುಗಾಳಿ ಬೀಸುವ ದಂಡೆಯಲ್ಲಿ ಎಲೆಯುದುರದ, ಚರ್ಮದಂತೆ ದಪ್ಪವಾದ ಎಲೆಯ, ನೆಲದುದ್ದಕ್ಕೂ ಬಾಗಿ ಚಾಚಿದ ಕೊಂಬೆಗಳ ಓಕ್. ಹಡಗಿನ ಪಕ್ಕೆಲುಬುಗಳಿಗೆ ಬೇಕಾದ ಬಾಗು ಅದರ ಕೊಂಬೆಗಳಲ್ಲೇ ಇರುತ್ತಿತ್ತು. ಏನೂ ಬೆಳೆಯದ ಒಣ ಮರಳುನೆಲದಲ್ಲಿ ಬಾತುಕೋಳಿಯ ಪಾದದಂತಹ ಎಲೆಯ ಗಿಡ್ಡ ಓಕ್. ಅದು ನಿಂತ ಭೂಮಿಯನ್ನು ಕೊಳ್ಳಲು ಒಕ್ಕಲಿಗ ಎರಡು ಸಲ ಯೋಚಿಸಬೇಕು.

ಎಲೆ, ತೊಗಟೆ, ನೆಲೆ ಮೂರೂ ಒಟ್ಟಿಗೆ ಏಕೆ ಬೇಕು ಎಂಬುದಕ್ಕೆ ಒಂದು ಜೋಡಿಯ ಉದಾಹರಣೆ ಸಾಕು. ಚೆಸ್ಟ್‌ನಟ್ ಮರದ ಎಲೆಯನ್ನು ಹೋಲುವ, ಅಂಚಿನುದ್ದಕ್ಕೂ ಗರಗಸದಂತೆ ದೊಡ್ಡ ಹಲ್ಲುಗಳಿರುವ ಎಲೆಯ ಓಕ್‌ಗಳು ಎರಡು ಕಡೆ ಬೆಳೆಯುತ್ತವೆ. ಎಲೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರೆ ನುರಿತವರೂ ತಡವರಿಸುತ್ತಾರೆ. ಮರದ ಬಳಿಗೆ ಹೋದರೆ ಸಂಶಯ ಉಳಿಯುವುದಿಲ್ಲ. ಒಂದು ಗುಡ್ಡದ ನೆತ್ತಿಯ ಕಲ್ಲುನೆಲದಲ್ಲಿ ನಿಂತಿರುತ್ತದೆ. ಅದರ ತೊಗಟೆ ಕಪ್ಪು, ನೇಗಿಲ ಸಾಲಿನಂತೆ ಆಳವಾಗಿ ಬಿರಿದದ್ದು. ಇನ್ನೊಂದು ನದಿ ಉಕ್ಕಿದಾಗ ಮುಳುಗುವ ತಗ್ಗಿನಲ್ಲಿ. ತೊಗಟೆ ತಿಳಿಬೂದಿ, ಚಕ್ಕೆಚಕ್ಕೆಯಾಗಿ ಏಳುವಂಥದ್ದು. ಮಿಶೋ ಇವೆರಡನ್ನೂ ಒಂದೇ ಪ್ರಭೇದದ ಎರಡು ಒಳಭೇದಗಳೆಂದು ಎಣಿಸಿದ. ಆದರೆ ಅವುಗಳಿಗೆ ಬೆಟ್ಟದಲ್ಲಿರುವುದು, ಜೌಗಿನಲ್ಲಿರುವುದು ಎಂಬ ಅರ್ಥದ ಹೆಸರುಗಳನ್ನಿಟ್ಟು ನೆಲೆಯ ಭೇದವನ್ನು ಹೆಸರಿನಲ್ಲೇ ದಾಖಲಿಸಿದ.

ಮರಗಳ ನೆಲೆಯನ್ನು ತಿಳಿಯುವ ಈ ಹಂಬಲವೇ ಆತನನ್ನು ಖಂಡದ ಉದ್ದಗಲಕ್ಕೆ ಅಲೆಸಿತು. 1788ರಲ್ಲಿ ಫ್ಲಾರಿಡ, ಮರುವರ್ಷ ಬಹಾಮಾ ದ್ವೀಪಗಳು. 1792ರಲ್ಲಿ ಕೆನಡಾದ ಉತ್ತರಕ್ಕೆ, ಹಡ್ಸನ್ ಕೊಲ್ಲಿಯ ಕಡೆಗೆ ಹರಿಯುವ ನೀರಿನವರೆಗೆ ಹೋದ. ದಕ್ಷಿಣದ ಮರಗಳು ಒಂದೊಂದಾಗಿ ಎಲ್ಲಿ ನಿಂತುಹೋಗುತ್ತವೆಂಬುದನ್ನು ಗುರುತು ಹಾಕಿಕೊಳ್ಳುತ್ತ ನಡೆದ. 1793ರಲ್ಲಿ ಜೆಫರ್ಸನ್ನನ ಮುಂದಾಳುತನದಲ್ಲಿ ಅಮೆರಿಕದ ತತ್ತ್ವಶಾಸ್ತ್ರ ಸಂಘವು ಆತನನ್ನು ಮಿಸೌರಿ ನದಿಯ ಗುಂಟ ಪಶ್ಚಿಮ ಸಮುದ್ರದವರೆಗೆ ಕಳಿಸಲು ಯೋಜಿಸಿತು. ವಾಷಿಂಗ್ಟನ್ ಕೂಡ ವಂತಿಗೆ ಕೊಟ್ಟ. ಆದರೆ ಫ್ರೆಂಚ್ ರಾಯಭಾರಿ ಜೆನೆಯ ರಾಜಕೀಯ ಸಂಚಿನಲ್ಲಿ ಮಿಶೋ ಸಿಲುಕಿ ಕೆಂಟಕಿಯಿಂದಲೇ ಹಿಂದಿರುಗಬೇಕಾಯಿತು. ಆ ದಾರಿಯನ್ನು ಹತ್ತು ವರ್ಷದ ಮೇಲೆ ಲೂಯಿಸ್ ಮತ್ತು ಕ್ಲಾರ್ಕ್ ನಡೆದು ಕೀರ್ತಿ ಪಡೆದರು. 1794ರ ಆಗಸ್ಟಿನಲ್ಲಿ ಕೆರೊಲೈನಾದ ಗ್ರ್ಯಾಂಡ್‌ಫಾದರ್ ಪರ್ವತವನ್ನೇರಿ, ಅದೇ ಉತ್ತರ ಅಮೆರಿಕದ ಅತ್ಯುನ್ನತ ಶಿಖರವೆಂದು ತಿಳಿದು, ತನ್ನ ಗಣರಾಜ್ಯದ ಗೀತೆಯನ್ನು ಗಟ್ಟಿಯಾಗಿ ಹಾಡಿದನಂತೆ. ಶಿಖರದ ವಿಷಯದಲ್ಲಿ ಆತನ ಲೆಕ್ಕ ತಪ್ಪಿತ್ತು.

ನೆಲೆಯ ವಿಷಯದಲ್ಲೂ ಆತ ಒಮ್ಮೆ ಎಡವಿದ. 1788ರ ಡಿಸೆಂಬರಿನಲ್ಲಿ ಕಿಯೋವಿ ನದಿಯ ಮೂಲದ ಬಳಿ ಒಂದು ಸಣ್ಣ ಗಿಡವನ್ನು ಕಿತ್ತು ಒಣಗಿಸಿಟ್ಟ. ಅದರ ಚೀಟಿಯಲ್ಲಿ ಕೆರೊಲೈನಾದ ಎತ್ತರದ ಬೆಟ್ಟಗಳೆಂದಷ್ಟೇ ಬರೆದ. ಅರ್ಧ ಶತಮಾನದ ಮೇಲೆ, 1839ರಲ್ಲಿ, ಏಸಾ ಗ್ರೇ ಎಂಬ ಅಮೆರಿಕನ್ ವಿದ್ವಾಂಸ ಪ್ಯಾರಿಸ್ಸಿನ ಸಂಗ್ರಹದಲ್ಲಿ ಅದನ್ನು ಕಂಡು, ಚೀಟಿಯ ಮಾತನ್ನು ನಂಬಿ ಎತ್ತರದ ಬೆಟ್ಟಗಳಲ್ಲಿ ಹುಡುಕಿಸಿ ಹುಡುಕಿಸಿ ಸೋತ. ಗಿಡ ಬೆಳೆಯುತ್ತಿದ್ದದ್ದು ಕೆಳಗಿನ ಹಳ್ಳದ ದಂಡೆಗಳಲ್ಲಿ. ಅದು ಮತ್ತೆ ಸಿಕ್ಕಿದ್ದು 1877ರಲ್ಲಿ, ಹುಡುಗನೊಬ್ಬನ ಕಣ್ಣಿಗೆ. ಒಂದು ಚೀಟಿಯ ಅಸ್ಪಷ್ಟತೆಗೆ ಮೂವತ್ತೆಂಟು ವರ್ಷದ ಹುಡುಕಾಟ.

1795ರಲ್ಲಿ ಬೆಟ್ಟಗಳನ್ನು ದಾಟಿ ಇಲಿನಾಯ್ ಸೀಮೆಗೂ ಮಿಸಿಸಿಪಿ ನದಿಯವರೆಗೂ ಹೋದದ್ದು ಓಕ್‌ಗಳ ದೃಷ್ಟಿಯಿಂದ ಫಲವತ್ತಾದ ಪ್ರವಾಸ. ಅಲ್ಲಿ ನೆಲೆಸಿದ್ದ ಫ್ರೆಂಚರು ಮನೆಗೆ ಹೊದಿಸುವ ಹಲಗೆಹಂಚುಗಳನ್ನು ಒಂದು ಓಕ್‌ನಿಂದ ಸೀಳುತ್ತಿದ್ದರು. ಹಂಚಿನ ಮೇಲೆ ಹಂಚು ಹೊದಿಸುವುದೆಂಬ ಅರ್ಥದಲ್ಲಿ ಅದಕ್ಕೆ ಕ್ವೆರ್ಕಸ್ ಇಂಬ್ರಿಕೇರಿಯ ಎಂದು ಹೆಸರಿಟ್ಟ. ಬಯಲುಸೀಮೆಯಂಚಿನಲ್ಲಿ ಬೆಳೆಯುವ, ಬಟ್ಟಲಿನ ಅಂಚಿಗೆ ಗೊಂಡೆ ಕಟ್ಟಿದಂತಿರುವ ದಪ್ಪ ಕಾಯಿಯ ಓಕ್‌ಗೆ ಕ್ವೆರ್ಕಸ್ ಮ್ಯಾಕ್ರೊಕಾರ್ಪ ಎಂಬ ಹೆಸರೂ ಆತನದೇ. ಎರಡೂ ಇಂದಿಗೂ ಊರ್ಜಿತವಾಗಿವೆ.

ಇಷ್ಟರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಗಿ, ಕಳಿಸಿದ ಅರಸನೇ ಶಿರಚ್ಛೇದಕ್ಕೀಡಾಗಿದ್ದ. ಸಂಬಳ ನಿಂತು ವರ್ಷಗಳಾಗಿದ್ದವು. ಬೇಟೆಗಾರನೊಬ್ಬ ಹಾರಿಸಿದ ಗುಂಡಿನಿಂದ ಕಣ್ಣಿಗೆ ಪೆಟ್ಟಾಗಿದ್ದ ಮಗನನ್ನು 1790ರಲ್ಲೇ ಊರಿಗೆ ಕಳಿಸಿದ್ದ. ಕೈಯ ಹಣವೆಲ್ಲ ತೀರಿದ ಮೇಲೆ 1796ರ ಆಗಸ್ಟಿನಲ್ಲಿ ಮಿಶೋ ಹಡಗು ಹತ್ತಿದ. ಅಕ್ಟೋಬರಿನಲ್ಲಿ ಹಾಲೆಂಡಿನ ತೀರದ ಬಳಿ ಹಡಗು ಒಡೆಯಿತು. ಹಲಗೆಗೆ ತನ್ನನ್ನು ಕಟ್ಟಿಕೊಂಡಿದ್ದ ಆತನನ್ನು ಜನರು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ದಡಕ್ಕೆ ತಂದರು. ದಿನಚರಿಯ ಕೆಲವು ಪುಸ್ತಕಗಳು ನೀರುಪಾಲಾದವು. ಒಣಗಿಸಿದ ಸಸ್ಯಗಳ ಪೆಟ್ಟಿಗೆಗಳು ಸಿಕ್ಕವು, ಆದರೆ ಉಪ್ಪುನೀರಿನಲ್ಲಿ ನೆನೆದು ಮುದ್ದೆಯಾಗಿದ್ದವು. ಒಂದೊಂದೇ ಎಲೆಯನ್ನು ಬಿಡಿಸಿ, ಸಿಹಿನೀರಿನಲ್ಲಿ ತೊಳೆದು, ಮತ್ತೆ ಹಾಸಿ ಒಣಗಿಸುತ್ತ ಆತ ವಾರಗಟ್ಟಲೆ ಅಲ್ಲೇ ಕುಳಿತ.

ಪ್ಯಾರಿಸ್ಸಿನಲ್ಲಿ ವಿದ್ವಾಂಸರು ಆದರಿಸಿದರು. ಮರಗಳ ಕಥೆ ಬೇರೆ. ಹನ್ನೊಂದು ವರ್ಷಗಳಲ್ಲಿ ಆತ ಕಳಿಸಿದ ಸಸಿಗಳು 60,000ಕ್ಕೂ ಮಿಕ್ಕು. ಬೀಜದ ಪೆಟ್ಟಿಗೆಗಳು 90. ಅವುಗಳಲ್ಲಿ ಎಷ್ಟನ್ನೋ ರಾಣಿ ತನ್ನ ತವರಾದ ಆಸ್ಟ್ರಿಯಾದ ಅರಮನೆಗೆ ಕಳಿಸಿದ್ದಳು. ಎಷ್ಟೋ ರಾಂಬುಯೆಯ ರಾಜೋದ್ಯಾನದಲ್ಲಿ ಆರೈಕೆಯಿಲ್ಲದೆ ಹಾಳಾಗಿದ್ದವು. ಏಳು ವರ್ಷಗಳ ಬಾಕಿ ಸಂಬಳದಲ್ಲಿ ಕೈಗೆ ಬಂದದ್ದು ಅಲ್ಪ. ಮತ್ತೆ ಅಮೆರಿಕಕ್ಕೆ ಕಳಿಸಿರೆಂದು ಬೇಡಿದ, ಸರಕಾರ ಒಪ್ಪಲಿಲ್ಲ. ಒಂದು ದೇಶ ತನ್ನ ಕಾಡನ್ನು ಮತ್ತೆ ಬೆಳೆಸಲೆಂದು ಒಬ್ಬನನ್ನು ಸಮುದ್ರದಾಚೆಗೆ ಅಟ್ಟಿ, ಅವನು ಕಳಿಸಿದ ಸಸಿಗೆ ನೀರು ಹಾಕದೆ ಹೋಯಿತು. ಮಿಶೋ ಇದನ್ನು ಎಲ್ಲಿಯೂ ದೂರಿಕೊಂಡು ಕುಳಿತಂತೆ ಕಾಣುವುದಿಲ್ಲ. ಓಕ್‌ಗಳ ಹಸ್ತಪ್ರತಿಯನ್ನು ಸಿದ್ಧಪಡಿಸಲು ತೊಡಗಿದ.

ಅಮೆರಿಕದ ಓಕ್‌ಗಳ ಚರಿತ್ರೆ ಎಂಬ ಅರ್ಥದ ಶೀರ್ಷಿಕೆಯ ಆ ಗ್ರಂಥ 1801ರಲ್ಲಿ ಹೊರಬಂತು. ಅದರಲ್ಲಿ 20 ಪ್ರಭೇದಗಳು, ಅವುಗಳ ಒಳಭೇದಗಳು, 36 ಚಿತ್ರಫಲಕಗಳು. ಗುಲಾಬಿಯ ಚಿತ್ರಗಳಿಂದ ಪ್ರಸಿದ್ಧನಾದ ರೆದೂತೆಯೇ ಹೆಚ್ಚಿನ ಫಲಕಗಳನ್ನು ಬರೆದವನು. ಕೆಲವನ್ನು ಅವನ ತಮ್ಮ ಬರೆದ. ಬಣ್ಣವಿಲ್ಲದ ಈ ಚಿತ್ರಗಳನ್ನು ನೋಡುವವರು ಒಂದು ವಿಶೇಷವನ್ನು ಗಮನಿಸಬೇಕು. ಬೆಳೆದ ಮರದ ರೆಂಬೆ, ಕಾಯಿಗಳ ಜೊತೆಗೆ ಅನೇಕ ಫಲಕಗಳಲ್ಲಿ ಎಳೆಯ ಗಿಡದ ಎಲೆಯನ್ನೂ ಬಿಡಿಸಿದೆ. ಮುಂದೆ ಕಾಡಿನಲ್ಲಿ ಎಳೆಯ ಗಿಡವನ್ನು ಕಂಡವನು ಹೊಸ ಪ್ರಭೇದ ಸಿಕ್ಕಿತೆಂದು ಭ್ರಮಿಸಬಾರದೆಂಬುದೇ ಅದರ ಉದ್ದೇಶ. ಚಾರ್ಲ್ಸ್‌ಟನ್ನಿನ ತೋಟದ ವರ್ಷಗಳ ಕಾಯುವಿಕೆಯೆಲ್ಲ ಆ ಸಣ್ಣ ಎಲೆಗಳ ಚಿತ್ರಗಳಲ್ಲಿ ಅಡಗಿದೆ.

ಪುಸ್ತಕ ಹೊರಬಂದಾಗ ಮಿಶೋ ಪ್ಯಾರಿಸ್ಸಿನಲ್ಲಿರಲಿಲ್ಲ. 1800ರ ಅಕ್ಟೋಬರಿನಲ್ಲಿ ಬೋದ್ಯಾನನ ನೇತೃತ್ವದ ಹಡಗಿನಲ್ಲಿ ಆಸ್ಟ್ರೇಲಿಯಾದತ್ತ ಹೊರಟಿದ್ದ. ನಾಯಕನ ರೀತಿನೀತಿ ಸೇರದೆ ಮಾರಿಷಸ್ ದ್ವೀಪದಲ್ಲಿ ಇಳಿದುಕೊಂಡ ಹಲವರಲ್ಲಿ ಆತನೂ ಒಬ್ಬ. ಅಲ್ಲಿಂದ 1802ರಲ್ಲಿ ಮಡಗಾಸ್ಕರಿಗೆ ಹೋಗಿ, ಎಲ್ಲಿ ಹೋದರೂ ಮಾಡುವಂತೆ, ಮೊದಲು ಒಂದು ತೋಟಕ್ಕೆ ನೆಲ ಹಸನು ಮಾಡತೊಡಗಿದ. ಬಿಸಿಲಲ್ಲಿ ದುಡಿಯಬೇಡವೆಂದವರ ಮಾತನ್ನು ಕೇಳಲಿಲ್ಲ. ಜ್ವರ ಬಂದು ಅದೇ ವರ್ಷ ಅಲ್ಲೇ ತೀರಿಕೊಂಡ. ವಯಸ್ಸು ಐವತ್ತಾರು. ಉತ್ತರ ಅಮೆರಿಕದ ಸಸ್ಯಗಳ ಕುರಿತ ಆತನ ಮಹಾಗ್ರಂಥವನ್ನು ಮಗನು 1803ರಲ್ಲಿ ಪ್ರಕಟಿಸಿದ.

ಆ ಮಗನೂ ತಂದೆಯ ಹಾದಿಯಲ್ಲೇ ನಡೆದು ಅಮೆರಿಕದ ಕಾಡುಮರಗಳ ಮೇಲೆ ದೊಡ್ಡ ಗ್ರಂಥ ಬರೆದ. ಫಿಲಡೆಲ್ಫಿಯದ ಬಳಿಯ ಹೊಲವೊಂದರಲ್ಲಿದ್ದ ಒಂಟಿ ಓಕ್ ಮರವನ್ನು ಕಂಡು ಅದು ಬೇರೆಯೇ ಪ್ರಭೇದವೆಂದು ಹೆಸರಿಟ್ಟ. ಅದು ಎರಡು ಜಾತಿಗಳ ಬೆರಕೆಯೆಂದು ಅನಂತರ ತಿಳಿದುಬಂತು. ಓಕ್‌ಗಳು ತಂದೆಯನ್ನು ಸತಾಯಿಸಿದಂತೆ ಮಗನನ್ನೂ ಬಿಡಲಿಲ್ಲ. 1855ರಲ್ಲಿ ತೀರಿಕೊಂಡ ಆತ ತನ್ನ ಆಸ್ತಿಯ ಒಂದು ಭಾಗವನ್ನು, ಒಮ್ಮೆ ತಂದೆಯನ್ನು ಪಶ್ಚಿಮಕ್ಕೆ ಕಳಿಸಲು ಯೋಜಿಸಿದ್ದ ಅದೇ ಸಂಘಕ್ಕೆ ಮರಗಳ ಕೆಲಸಕ್ಕಾಗಿ ಬಿಟ್ಟುಹೋದ. ಫಿಲಡೆಲ್ಫಿಯ ನಗರದ ಫೇರ್‌ಮೌಂಟ್ ಉದ್ಯಾನದಲ್ಲಿ ಓಕ್‌ಗಳ ತೋಪೊಂದು ಎದ್ದದ್ದು ಆ ಹಣದಿಂದ.

ತಂದೆ ಒಳಭೇದವೆಂದು ಬಿಟ್ಟಿದ್ದ ಜೌಗಿನ ಓಕ್‌ನ ಕಥೆ 1818ರಲ್ಲಿ ಮುಗಿಯಿತು. ಥಾಮಸ್ ನಟಾಲ್ ಎಂಬ ಸಸ್ಯಶಾಸ್ತ್ರಜ್ಞ ಅದು ಬೆಟ್ಟದ ಓಕ್‌ನಿಂದ ಬೇರೆಯಾದ ಸ್ವತಂತ್ರ ಪ್ರಭೇದವೆಂದು ತೀರ್ಮಾನಿಸಿ ಅದಕ್ಕೆ ಕ್ವೆರ್ಕಸ್ ಮಿಶೋಯಿ ಎಂದು ಹೆಸರಿಟ್ಟ. ಊರಿನ ಜನರ ಬಾಯಲ್ಲಿ ಮಾತ್ರ ಅದಕ್ಕೆ ಬೇರೆ ಹೆಸರುಗಳಿವೆ. ಸಿಹಿಯಾದ ಅದರ ಕಾಯಿಗಳನ್ನು ದನಗಳು ಮೇಯುವುದರಿಂದ ಆಕಳ ಓಕ್. ಅದರ ಮರವನ್ನು ತೆಳುವಾಗಿ ಸೀಳಿ ಹತ್ತಿ ಬಿಡಿಸಿ ತುಂಬುವ ಬುಟ್ಟಿಗಳನ್ನು ಹೆಣೆಯುತ್ತಿದ್ದುದರಿಂದ ಬುಟ್ಟಿ ಓಕ್.